ಜಪ್ತಿಗೆ ಬಾರದವು

ತಾಳಿ ಮುಟ್ಟುವ ಹಾಗಿಲ್ಲವಂತೆ, ಹಾಸಿಗೆ ಹೊದಿಕೆ ಮುಟ್ಟುವ ಹಾಗಿಲ್ಲ,
ಉಟ್ಟ ಬಟ್ಟೆ, ಅಡುಗೆ ಪಾತ್ರೆ.
ಕಾನೂನಿಗೂ ಒಂದಿಷ್ಟು ನಾಚಿಕೆಯಿದೆ ಅಂದರು ವಕೀಲರು.
ಪಾತ್ರೆ ಅಂದರೆ ಯಾವ ಪಾತ್ರೆ ಸಾರ್, ಕೇಳಿದೆ.
ಐನೂರು ಎಲೆಯ ಅನ್ನದ ಕೊಪ್ಪರಿಗೆ ನಾಲ್ಕಿವೆ,
ಮಗು ಇಳಿದು ಆಡಬಹುದಾದ ಸಾರಿನ ಹಂಡೆ,
ದೋಣಿಯ ಹುಟ್ಟಿನಂಥ ಸೌಟು ಹದಿನಾರು.
ರಿಸೀವರ್ ಕಚೇರಿಯ ಗುಮಾಸ್ತ ಪೆನ್ನೆತ್ತಿ ನಕ್ಕ:
ಮೂರು ಜನರ ಹೊಟ್ಟೆಗೆ ಎಷ್ಟು ಬೇಕೋ ಅಷ್ಟು, ಅಮ್ಮ.

ಕುಕ್ಕರು ಉಳಿಯಿತು.

ಹಾಲೇಶ್ ಶಾಮಿಯಾನ ಸಪ್ಲೈಯರ್ಸ್, ಅಲ್ಕೊಳ ಸರ್ಕಲ್ ಹತ್ತಿರ.
ಕುರ್ಚಿಯ ಬೆನ್ನಿಗೆ ಹಾ. ಶಾ. ಎಂದು ಕೆಂಪು ಬಣ್ಣದಲ್ಲಿ
ಬರೆದವಳು ನಾನು, ಎರಡು ಸಾವಿರದ ನಾನೂರು ಸಲ,
ಏಳು ತಿಂಗಳ ಬಸುರಿ, ಹಿತ್ತಿಲಲ್ಲಿ ಕಾಲು ಚಾಚಿ ಕೂತು.
ಸಾವಿರ ದಾಟಿದ ಮೇಲೆ ಬೇಸರ ಬಂದು
ಚುಕ್ಕೆ ಇಡುವುದನ್ನೇ ಬಿಟ್ಟೆ.

ಜರ್ಮನ್ ಟೆಂಟು ತಂದ ದಿನ ಮನೆಯ ಪತ್ರ ಬ್ಯಾಂಕಿಗೆ ಹೋಯಿತು.
ನಡುವೆ ಕಂಬವೇ ಇಲ್ಲದ ಚಪ್ಪರ;
ಹಾಲೇಶ ಅದರೊಳಗೆ ಒಬ್ಬನೇ ನಿಂತು
ಹೋ ಎಂದು ಕೂಗಿ ನೋಡಿದ್ದ.
ಮೂರು ಮದುವೆ ಕಂಡಿತು ಅದು.
ಆಮೇಲೆ ಐವತ್ತೇ ಜನ ಎಂದು ಆದೇಶ ಬಂತು.
ಐವತ್ತು ಜನಕ್ಕೆ ಮನೆಯ ತಾರಸಿ ಸಾಕು.
ಗೋದಾಮಿನಲ್ಲಿ ಇಲಿಗಳು ಸ್ಯಾಟಿನ್ ಜಾಲರಿ ಕತ್ತರಿಸಿ
ಬಾಣಂತನಕ್ಕೆ ಹಾಸಿಕೊಂಡವು.
ಸಾಲ ಮೊದಲು ಫೋನಿನಲ್ಲಿ ಬಂತು, ಆಮೇಲೆ ಬೈಕಿನಲ್ಲಿ,
ಕಡೆಗೆ ಗೋಂದಿನ ಡಬ್ಬಿ ಹಿಡಿದು
ಗೇಟಿನ ಎದುರು.

ಮನೆ ನೋಡಲು ಮೆಸ್ಕಾಂನ ಚಿದಾನಂದಯ್ಯ ದಂಪತಿ ಬಂದರು.
ಹೆಣ್ಣು ನೋಡಲು ಬಂದ ಹಾಗೆ ಅನ್ನಿಸಿತೋ ಏನೋ,
ಕೇಸರಿಬಾತು ಮಾಡಿಬಿಟ್ಟಿದ್ದೆ.
ಆಕೆ ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು,
ನಮ್ಮ ನಿಶ್ಚಿತಾರ್ಥಕ್ಕೆ ನಿಮ್ಮದೇ ಪೆಂಡಾಲು ಅಂದರು.
ಅಳತೆ ಟೇಪಿನ ತುದಿ ಹಿಡಿಯಿರಿ ಎಂದಾಗ ಹಿಡಿದೆ.
ಬಚ್ಚಲ ಗೋಡೆ ಆಷಾಢದಲ್ಲಿ ಒಸರುತ್ತದೆ, ನಾನೇ ತೋರಿಸಿದೆ.
ಹಾಲೇಶ ಕಣ್ಣು ಕೆಂಪು ಮಾಡಿದ.
ಆದರೆ ನಲವತ್ತೊಂದು ಲಕ್ಷವೋ ನಲವತ್ತೋ,
ಹೋಗುವುದು ರಿಸೀವರ್ ಖಾತೆಗೆ.
ಸುಳ್ಳು ಹೇಳಲೂ ಸ್ವಂತದ್ದೊಂದು ಕಾರಣ ಬೇಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು.
ಒಂದು ಕಟ್ಟಿದೆವು. ಊರಿನ ಮದುವೆಗಳಿಗೆ ಲೆಕ್ಕವಿಲ್ಲ.
ಮುಂದಿನದನ್ನು ಅವರು ಹೇಳಿರಲಿಲ್ಲ,
ನಾವೂ ಕೇಳಿರಲಿಲ್ಲ.

ಬಾಡಿಗೆಗೆ ಹಿಡಿದದ್ದು ಹೊಸಮನೆಯಲ್ಲಿ.
ಬಡಾವಣೆಯ ಹೆಸರು, ಅಷ್ಟೇ.
ಎಲ್ಲಿದ್ದೀರಿ ಈಗ ಎಂದು ಯಾರಾದರೂ ಕೇಳಿದರೆ
ಮಗಳು ಸ್ಪೂರ್ತಿ ಹೊಸಮನೆ ಅನ್ನುತ್ತಾಳೆ, ತಗ್ಗಿದ ದನಿಯಲ್ಲಿ,
ಕೇಳಿದವರು ಒಳ್ಳೆಯದಾಯಿತು ಅನ್ನುತ್ತಾರೆ.

ಗೃಹಪ್ರವೇಶಕ್ಕೆ ಕರೆದರು. ಹಾಲೇಶ ಅಂಗಿ ಹಾಕಿಕೊಂಡು
ಮತ್ತೆ ಬಿಚ್ಚಿಟ್ಟ. ನಾನೊಬ್ಬಳೇ ಹೋದೆ,
ಆಟೋದವನಿಗೆ ದಾರಿ ಹೇಳುವಾಗ ನಾಲಗೆ ತಡವರಿಸಲಿಲ್ಲ.
ಅಂಗಳದಲ್ಲಿ ನೀಲಿ ಬಟ್ಟೆ, ಹರಾಜಿನಲ್ಲಿ ಹಿಡಿದ
ಭದ್ರಾವತಿಯವರದು ಈಗ.
ಕುರ್ಚಿಯ ಬೆನ್ನ ಮೇಲೆ ಹಾ ಶಾ. ಚುಕ್ಕೆಯಿಲ್ಲ.
ಸಾವಿರದ ನಂತರದ್ದು.
ಕೂತೆ.

ಒಳಗೆ ಹಾಲು ಉಕ್ಕಿತು, ಯಾರೋ ಕೂಗಿಕೊಂಡರು.
ಆ ಒಲೆಕಟ್ಟೆಯ ಎತ್ತರ ನನ್ನ ಸೊಂಟಕ್ಕೆ ಮಾಡಿಸಿದ್ದು,
ಪದ್ಮಜಾ ನನಗಿಂತ ಗೇಣು ಎತ್ತರ,
ಬೆನ್ನು ನೋಯುತ್ತದೆ ಪಾಪ.

ಊಟ ಮುಗಿಯುವ ಹೊತ್ತಿಗೆ ಕಣ್ಣು ತಾನಾಗಿ ಎಣಿಸಿತ್ತು:
ನೂರಾ ನಲವತ್ತೆಂಟು.
ಕುರ್ಚಿ ಜೋಡಿಸುತ್ತಿದ್ದ ಹುಡುಗನನ್ನು ಕರೆದೆ,
ಎರಡು ಕಮ್ಮಿ ಇದಾವೆ ಕಣೋ,
ಬಚ್ಚಲ ಹಿಂದೆ ನೋಡು,
ಗಂಡಸರು ಸಿಗರೇಟಿಗೆ ಅಲ್ಲಿಗೇ ಒಯ್ಯೋದು.
ಅವನು ನಂಬಲಾರದೆ ಹೋದ.

ಇದ್ದವು.