ಅರ್ಧ ಸೆಕೆಂಡು

ಪತ್ರ ಬಂದದ್ದು ನನ್ನ ಹೆಸರಿಗಲ್ಲ,
ಗಾಡಿಯ ಒಡತಿ ಶ್ರೀಮತಿ ಸಿತ್ ಹೆಸರಿಗೆ.
ಆಕೆ ಅದರ ಫೋಟೋ ತೆಗೆದು ಇಬ್ಬರಿಗೂ ಕಳಿಸಿದಳು,
ಹಗಲು ಓಡಿಸುವ ಮಾಕ್‌ಗೆ, ಇರುಳು ಓಡಿಸುವ ನನಗೆ.
ಕೆಳಗೆ ಎರಡೇ ಪದ: ಯಾರ ಕಾಲು?

ಕ್ವುನ್ ಟೋಂಗಿನ ಆ ಏರುದಾರಿ ನಿಮಗೆ ಗೊತ್ತಿರಲಾರದು.
ಎಡಕ್ಕೆ ಒಂದು ಪೆಟ್ಟಿಗೆ, ಬಲಕ್ಕೆ ಒಂದು ಕನ್ನಡಿ,
ನಡುವೆ ದಾರಿಗಡ್ಡ ಕಾಣದ ಬೆಳಕಿನ ಎಳೆ.
ಗಾಡಿಯ ಬಾಲ ಅದನ್ನು ದಾಟುವುದಕ್ಕೆ ಅರ್ಧ ಸೆಕೆಂಡು;
ಅಷ್ಟರಲ್ಲಿ ನಂಬರು, ವೇಗ, ಬಿಟ್ಟ ಉಸಿರು
ಮೂರೂ ಬರೆದಾಯಿತು.
ಕೈ ಅಡ್ಡ ಹಿಡಿದು ನಿಲ್ಲಿಸುವವರಿಲ್ಲ,
ಕಿಟಕಿಗೆ ಬಗ್ಗಿ ಮುಖ ನೋಡುವವರಿಲ್ಲ.
ಬೈಯಲಿಕ್ಕಾದರೂ ಒಬ್ಬ ಬೇಡವೇ?

ಹನ್ನೆರಡು ಕೆಲಸದ ದಿನ. ಅಷ್ಟರೊಳಗೆ
ಪರೀಕ್ಷೆಗೆ ಒಯ್ದು ಪಾಸು ಮಾಡಿಸದಿದ್ದರೆ
ಲೈಸೆನ್ಸು ಹೋಗುತ್ತದೆ, ಗಾಡಿಯದ್ದು.
ಗಾಡಿಯದ್ದು ಹೋದಮೇಲೆ ನನ್ನದನ್ನಿಟ್ಟುಕೊಂಡು
ಉಪ್ಪಿನಕಾಯಿ ಹಾಕಲೇ?

ಗ್ಯಾಸಿನ ಸಾಲಿನಲ್ಲಿ ಬಾನೆಟ್ಟಿಗೊರಗಿ ಎಲ್ಲರದೂ ಒಂದೊಂದು:
ಮುಂದೆ ಹೋದ ಮಿನಿಬಸ್ಸಿನ ಪಾಪ
ಹಿಂದೆ ಬಂದವನ ಲೆಕ್ಕಕ್ಕೆ ಬಿತ್ತು ಎನ್ನುತ್ತಾನೆ ಒಬ್ಬ.
ನಾಲ್ಕು ಜನ, ಮೂರು ಸೂಟ್‌ಕೇಸು ಹೇರಿಕೊಂಡು
ಏರಿನಲ್ಲಿ ಕಾಲು ಒತ್ತದೆ ಇಳಿದು ತಳ್ಳಲೇ? ಇನ್ನೊಬ್ಬ.
ನಮ್ಮನ್ನು ಅಳೆಯುವ ಪೆಟ್ಟಿಗೆಯನ್ನು ಅಳೆಯುವವರಾರು
ಎಂದು ಮುದುಕ ಪಾಂಗ್ ಕೇಳಿದ; ಯಾರೂ ನಗಲಿಲ್ಲ.
ಇವತ್ತು ಪೆಟ್ಟಿಗೆ ಯಾವ ತಿರುವಿನಲ್ಲಿದೆ ಎಂದು
ಬೆಳಗಾದರೆ ಫೋನು ಗುಂಯ್‌ಗುಡುತ್ತದೆ.
ಅಲ್ಲಿ ಪೆಡಲಿನ ಮೇಲಿಂದ ಕಾಲೆತ್ತಿ
ಗಾಡಿಯ ಬದಲು ನಾವು ಉಸಿರು ಹಿಡಿಯುತ್ತೇವೆ.

ಪತ್ರದಲ್ಲಿ ಸಮಯವೂ ಇತ್ತು: ಮಂಗಳವಾರ,
ಸಂಜೆ ನಾಲ್ಕು ಐವತ್ತೆರಡು.
ಗಾಡಿ ಯಾರದೂ ಅಲ್ಲದ ಹೊತ್ತು ಅದು.
ಐದಕ್ಕೆ ಕೈ ಬದಲಾಗಬೇಕು; ಒಮ್ಮೆ ಮಾಕ್ ಬೇಗ ಬಿಡುತ್ತಾನೆ,
ಒಮ್ಮೆ ತಡ. ಸೀಟು ಇನ್ನೂ ಬಿಸಿಯಿರುವಾಗಲೇ ಕೂರುತ್ತೇನೆ,
ಮೊದಲ ಸಿಗ್ನಲ್‌ವರೆಗೆ ಕನ್ನಡಿ ಅವನ ಎತ್ತರಕ್ಕೇ ಇರುತ್ತದೆ.
ಆವತ್ತು ನೀನು, ಎಂದ ಅವನು. ನೀನು, ಎಂದೆ ನಾನು.
ಒಂಬತ್ತು ವರ್ಷ ಒಂದೇ ಸ್ಟಿಯರಿಂಗಿಗೆ ಬೆವರಿದವರು
ಒಂದು ವಾರ ಕೀಲಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು
ಮುಖ ನೋಡದೆ ಹೋದೆವು.

ತೋ ಕ್ವಾ ವಾನಿನ ಗಲ್ಲಿಯಲ್ಲಿ ಲೋಕ್ ಮೇಸ್ತ್ರಿ
ಗಾಡಿಯಡಿಗೆ ತೂರಿ, ಹೊಗೆಕೊಳವೆಯ ಡಬ್ಬಿ ಬಿಚ್ಚಿ, ಅಲ್ಲಾಡಿಸಿದ.
ಒಳಗಿನ ಜೇನುಗೂಡು ಕರಗಿ ಕರಿಮುದ್ದೆ,
ಒಣಗಿದ ಕಡಲೆಕಾಯಿಯ ಹಾಗೆ ಗಡಗಡ.
"ಇದು ಸತ್ತು ಆರು ತಿಂಗಳಾಯಿತು," ಅಂದ,
"ವಾಸನೆ ಬರಲಿಲ್ಲವೇ ನಿಮಗೆ?"

ನಾನು ಮೇಲೆ ನೋಡಿದೆ. ಮಾಕ್ ಕೆಳಗೆ.

ಕನ್ನಡಿಗೆ ನೇತುಬಿದ್ದಿವೆ ಸೆಂಟು ಹಚ್ಚಿದ
ಎರಡು ಕಾಗದದ ನಿಂಬೆಹಣ್ಣು.
ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿದ ವಾರ
ಮೊದಲನೆಯದನ್ನು ನಾನು ಕಟ್ಟಿದ್ದೆ.
ಮಾರನೆಯ ಸಂಜೆ ಬಂದು ನೋಡಿದರೆ
ಪಕ್ಕದಲ್ಲಿ ಇನ್ನೊಂದು ತೂಗುತ್ತಿತ್ತು.
ಅವನು ಹೇಳಿಯಾನು ಎಂದು ನಾನು,
ನಾನು ಹೇಳಿಯೇನು ಎಂದು ಅವನು;
ಗಾಡಿ ರಿಪೇರಿಗೆ ನಿಂತ ದಿನ ಇಬ್ಬರ ಒಲೆಗೂ ರಜೆ.
ಆಗಸ್ಟಿನ ಸೆಕೆಯಲ್ಲಿ, ಏಸಿ ಇದ್ದೂ,
ಕಿಟಕಿ ಇಳಿಸಿಕೊಂಡ ಗಿರಾಕಿ ಕೂಡ ಏನೂ ಅನ್ನಲಿಲ್ಲ.

ಹತ್ತನೆಯ ದಿನ ಉರುಳೆಗಳ ಮೇಲೆ ನಿಂತು
ಎಲ್ಲಿಗೂ ಹೋಗದೆ ಐವತ್ತರ ವೇಗದಲ್ಲಿ ಓಡಿತು ಗಾಡಿ.
ಪಾಸು. ಖರ್ಚು ಮೂರು ಪಾಲು;
ಒಡತಿಯ ಪಾಲು ಬಾಡಿಗೆಯಲ್ಲಿ ಸೇರಿ
ಸುತ್ತಿ ಬಳಸಿ ನಮ್ಮ ಕಡೆಗೇ ಬಂತು.
ಆ ಪೆಟ್ಟಿಗೆಯ ಮೇಲೆ ಈಗಲೂ ನನಗೆ ಸಿಟ್ಟೇ:
ಮುಖವಿಲ್ಲದೆ ಹೇಳಿತು ಎಂದು ಅರ್ಧ,
ಸರಿಯಾಗಿಯೇ ಹೇಳಿತು ಎಂದು ಉಳಿದರ್ಧ.

ಶ್ರೀಮತಿ ಸಿತ್‌ಗೆ ಇನ್ನೂ ಉತ್ತರಿಸಿಲ್ಲ.
ಕಾಲು ಬಿಟ್ಟು, ಯಾರ ಮೂಗು ಎಂದು ಕೇಳಿದ್ದರೆ
ಇಬ್ಬರೂ ಕೈ ಎತ್ತುತ್ತಿದ್ದೆವೋ ಏನೋ.