ಅರವತ್ತೊಂದನೆಯ ಪುಟ

ತೊಂಬತ್ತಾರೇ ಪುಟ. ಬೆನ್ನಿಗೆ ಎರಡು ಸಲ ಮೈದಾ ಅಂಟು ಹಾಕಿದ್ದೇನೆ.
ಹೆಸರು 'ಗುರುಪುರ ಹೊಳೆಯ ದುಭಾಷಿ'.
ಬಾಡಿಗೆ ವಾರಕ್ಕೆ ಐದು ರೂಪಾಯಿ.
ಬಂದರಿನ ಈ ಓಣಿಯಲ್ಲಿ, ಒಣಮೀನಿನ ಮಂಡಿಯ ಮಾಳಿಗೆಯಲ್ಲಿ,
ಇಷ್ಟು ಕೈ ದಾಟಿದ ಪುಸ್ತಕ ನನ್ನಲ್ಲಿ ಬೇರೆ ಇಲ್ಲ.

ಕತೆ ಇಷ್ಟೇ: ಪೋರ್ಚುಗೀಸರ ಕಾಲ.
ಕೋಠಿಯ ದುಭಾಷಿ ಒಬ್ಬ,
ಅಕ್ಕಿಮುಡಿ ಕಟ್ಟುವವನ ಮಗಳು ಪೊನ್ನಕ್ಕ.
ಅವಳು ಮುಡಿ ಎಣಿಸುತ್ತಾಳೆ, ಅವನು ಬರೆಯುತ್ತಾನೆ,
ಎಣಿಕೆ ತಪ್ಪುತ್ತದೆ. ಬೇಕೆಂದೇ ತಪ್ಪುತ್ತದೆ.
ಕೊನೆಗೆ ಹಡಗು.

ಬ್ಯಾಂಕಿನಿಂದ ನಿವೃತ್ತರಾದ ವರದರಾಯ ಪ್ರಭುಗಳು
ಪುಸ್ತಕವನ್ನು ಮೇಜಿಗೆ ಕುಕ್ಕಿದರು:
"ಮೂವತ್ತನೇ ಪುಟದಲ್ಲಿ ಬಟಾಟೆ ಪಲ್ಯ!
ಆ ಕಾಲಕ್ಕೆ ಬಟಾಟೆ ಎಲ್ಲಿತ್ತು ಮಾರಾಯ್ರೆ?
ಹೀರೆಕಾಯಿ ಹಾಕಿದ್ದರೆ ಪ್ರೀತಿಗೆ ಏನು ಕಮ್ಮಿಯಾಗುತ್ತಿತ್ತು?"
ಮೆಟ್ಟಿಲ ಹತ್ತಿರ ಒಮ್ಮೆ ನಿಂತು, ತಿರುಗದೆ,
"ಎರಡನೇ ಭಾಗ ಬಂದಿದೆಯೋ?"

ರಾತ್ರಿಪಾಳಿಯ ನರ್ಸ್ ಫೆಲ್ಸಿಟಾ ಲೋಬೊಗೆ ಬೇರೆಯೇ ಸಿಟ್ಟು:
"ಕೆಟ್ಟವನು ಬೇಕೆಂದರೆ ಪಾದ್ರಿಯೇ ಆಗಬೇಕೇ?
ಅವಳಿಗೆ ಚಿಕ್ಕಪ್ಪಂದಿರು ಇರಲಿಲ್ಲವೇ?"

ಮದುವೆಯ ಬಟ್ಟೆಗೆ ಮಣಿ ಹೊಲಿಯುವ ಝೊಹರಾ
ದುಡ್ಡು ಎಣಿಸಿಟ್ಟು ಮೆಲ್ಲನೆ ಕೇಳಿದಳು:
"ಅವರಿಬ್ಬರನ್ನು ರಾತ್ರಿ ಹೊಳೆ ದಾಟಿಸಿದ ಪೊಡಿಯಬ್ಬನಿಗೆ
ಇಡೀ ಪುಸ್ತಕದಲ್ಲಿ ಒಂದೇ ಮಾತು, 'ನೀರು ಇಳಿಯುತ್ತಾ ಉಂಟು' ಅಂತ.
ಬೆಳಿಗ್ಗೆ ಮನೆಗೆ ಹೋಗಿ ಅವನು ಹೆಂಡತಿಗೆ ಏನು ಹೇಳಿದ?
ನನಗೆ ಅದು ಬೇಕಿತ್ತು."

ಬೀಡಿ ಕಟ್ಟುವ ಲಲಿತಕ್ಕ ಏನೂ ಹೇಳಲಿಲ್ಲ.
ಬಿಡಿಸಿ ನೋಡಿದರೆ ಎಪ್ಪತ್ತನೇ ಪುಟದ ತನಕ ಹೊಗೆಸೊಪ್ಪಿನ ಪುಡಿ,
ಆಮೇಲೆ ಶುಭ್ರ.
"ಮುಗಿಸಲಿಲ್ಲವಾ?"
"ಹಡಗು ಬರುತ್ತದೆಂದು ಗೊತ್ತಾಯಿತು. ಅಲ್ಲಿಗೇ ಮುಚ್ಚಿದೆ.
ನನ್ನ ಮಟ್ಟಿಗೆ ಅವರಿನ್ನೂ ಮುಡಿ ಎಣಿಸುತ್ತಿದ್ದಾರೆ."

ಇನ್ನು ಅರವತ್ತೊಂದನೆಯ ಪುಟ.
ಗೋದಾಮಿನಲ್ಲಿ ದೀಪ ಆರಿದೆ.
ಬೈಹುಲ್ಲಿನ ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಒಂದು ಅವಳ ಕೈಯಲ್ಲಿ.
ಯಾರೂ ಎಳೆಯುವುದಿಲ್ಲ. ಯಾರೂ ಬಿಡುವುದಿಲ್ಲ.
ಅಂಚಿನಲ್ಲಿ ಪೆನ್ಸಿಲು: 'ಹೀಗೆಲ್ಲ ಆಗುವುದಿಲ್ಲ.'
ಅದರಡಿಗೆ ನೀಲಿ ಶಾಯಿ, ಕುಂಟುವ ಅಕ್ಷರ:
'ಆಗುತ್ತದೆ. ಆಗಿದೆ. ಇಲ್ಲೇ ಧಕ್ಕೆಯಲ್ಲಿ.
ಹಗ್ಗ ಮಾತ್ರ ಬಲೆಯದ್ದು.'

ರಬ್ಬರು ಕೈಗೆತ್ತಿಕೊಂಡೆ.
ಪೆನ್ಸಿಲು ಹೋದೀತು, ಶಾಯಿ ಉಳಿದೀತು,
ಯಾರೂ ಕೇಳದ ಮಾತಿಗೆ ಉತ್ತರವಾಗಿ.
ರಬ್ಬರನ್ನು ಡಬ್ಬಿಗೆ ಹಾಕಿದೆ.

ಗಿರಾಕಿಯಿಲ್ಲದ ಒಂದು ಮಧ್ಯಾಹ್ನ, ಸುಮ್ಮನಿರಲಾಗದೆ,
ದಫ್ತರ ಬಿಚ್ಚಿ ಸಹಿಗಳ ಪಕ್ಕ ಆ ಪುಟ ಹಿಡಿದೆ.
ಶಾಯಿ ಯಾರದೆಂದು ಹೇಳುವುದಿಲ್ಲ.
ಮೀನು ತೂಗಿ ತೂಗಿ ಗಂಟು ಬಿದ್ದ ಬೆರಳು,
ನನ್ನಲ್ಲಿ ಒಯ್ದದ್ದು ಆಯುಷ್ಯದಲ್ಲಿ ಒಂದೇ ಪುಸ್ತಕ.
ಪೆನ್ಸಿಲಿನ 'ಗ'ಕ್ಕೆ ಮಾತ್ರ ಉದ್ದ ಬಾಲ,
ಹೈಸ್ಕೂಲು ಕರಿಹಲಗೆಯ ಮೇಲೆ ಮೂವತ್ತು ವರ್ಷ ಎಳೆದದ್ದು:
ಜಲಜಾ ಟೀಚರ್.
ಈ ಪುಸ್ತಕ ಬರೆದವರೇ.

ಮೊನ್ನೆ ಬಂದರು. ನೇರ ಅದೇ ಪುಟ ತೆರೆದರು.
ಓದುವುದಕ್ಕೆ ಮೂರು ನಿಮಿಷ ಬೇಕಾಗುವಷ್ಟು ಅಲ್ಲಿ ಏನೂ ಇಲ್ಲ,
ಮೂರು ನಿಮಿಷ ನಿಂತರು.
"ಇದು ಯಾರು ಬರೆದದ್ದು, ಗೊತ್ತುಂಟಾ?"
"ಹಳೆಯ ದಫ್ತರ ಗೆದ್ದಲು ತಿಂದಿದೆ ಟೀಚರ್."
ನನ್ನ ಮೊಣಕೈ ದಫ್ತರದ ಮೇಲೆಯೇ ಇತ್ತು.
"ಒಂದು ವಾರಕ್ಕೆ ಒಯ್ಯಲಾ?" ಎಂದು ಐದು ರೂಪಾಯಿ ಇಟ್ಟರು,
ತಮ್ಮದೇ ಪುಸ್ತಕಕ್ಕೆ.

ನಾನು ತಾರೀಕು ಬರೆದೆ.
ಕೆಳಗೆ ಮಂಡಿಯಲ್ಲಿ ಒಂದು ಮುದಿ ಗಂಟಲು
ಚೀಲ ಎಣಿಸುತ್ತಿತ್ತು, ಗಟ್ಟಿಯಾಗಿ,
ಹದಿನಾರು, ಹದಿನೇಳು,
ಟೀಚರ್ ಮೆಟ್ಟಿಲಿಳಿಯುವ ಸದ್ದು,
ಹದಿನೇಳು.