ಬೇರೆ ತಟ್ಟೆ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತೆರಡು ವರ್ಷ ಕಾಫಿಬೀಜ ಆರಿಸಿದವಳು ನಾನು.
ಕಪ್ಪು, ಒಡಕು, ಹುಳ ಕೊರೆದದ್ದು, ಹುಳಿ ನಾತದ್ದು,
ಬೆಲ್ಟು ಓಡುತ್ತಿದ್ದಂತೆ ಬೆರಳಿಗೆ ತಿಳಿಯುತ್ತಿತ್ತು
ಕಣ್ಣಿಗಿಂತ ಮೊದಲು.
ಯಾವುದೆಂದು ಹೇಳಲಾಗದ ಬೀಜಕ್ಕೆ
ಪಕ್ಕದಲ್ಲಿ ಬೇರೆ ತಟ್ಟೆ.
ಎಸೆಯುವ ಹಾಗಿಲ್ಲ. ಸಂಜೆ ಬೆಳಕಿಗೆ ಹಿಡಿದು
ಒಂದೊಂದನ್ನೇ ನೋಡಬೇಕು.

ಹೋದ ಮಾಗಿಯಲ್ಲಿ
ಎಡಗೈಯ ಎರಡು ಬೆರಳು ಸುಮ್ಮನಾದವು.
ನೋವಲ್ಲ. ನೋವಾಗಿದ್ದರೆ ಹೇಳುವುದು ಸುಲಭವಿತ್ತು.
ಯಾರದೋ ಕೈಗವಸು ತೊಟ್ಟು
ನನ್ನದೇ ಕೈಯನ್ನು ಮುಟ್ಟಿದ ಹಾಗೆ.
ಕತ್ತು ಬಗ್ಗಿಸಿದರೆ ಬೆನ್ನಿನುದ್ದ
ಕರೆಂಟು ಬಂದು ಹೋಗುತ್ತದೆ,
ಲೈನ್‌ಮನ್ ಬಂದು ಕಂಬ ನೋಡುವ ಹೊತ್ತಿಗೆ
ಎಲ್ಲ ಸರಿಯಾಗಿರುತ್ತದೆ.

ಎಡಗಾಲಿನ ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ.
ಸಂತೆ ದಿನ ಹಿಂದಿನಿಂದ ನಬೀಸಾ ಕೂಗಿದಳು:
“ದಮಯಂತಕ್ಕಾ, ನಿಮ್ಮದೊಂದು ಚಪ್ಪಲಿ
ಅಲ್ಲೇ ನಿಂತಿದೆ, ಒಣಮೀನಿಗೆ ಚೌಕಾಸಿ ಮಾಡುತ್ತಾ.”
ನಕ್ಕೆವು. ಅವಳು ನಿಲ್ಲಿಸಿದ ಮೇಲೂ
ನಾನು ನಗುತ್ತಲೇ ಇದ್ದೆ.

ಮೊದಲನೆಯ ಡಾಕ್ಟರು ಗ್ಯಾಸು ಎಂದರು.
ಎರಡನೆಯವರು, ಮಡಿಕೇರಿಯಲ್ಲಿ, ವಯಸ್ಸು ಕೇಳಿ
ಮುಟ್ಟು ನಿಂತಿತೇ ಎಂದರು.
ಅಲ್ಲಿಗೆ ಮಾತೂ ನಿಂತಿತು.
ಬಿಡದೆ ಇಂಬಳದ ಕಥೆ ಹೇಳಿದೆ:
ಹಿಮ್ಮಡಿಯಲ್ಲಿ ಕುಡಿದು, ಊದಿ, ತಾನೇ ಉದುರುವವರೆಗೂ
ಗೊತ್ತೇ ಆಗಲಿಲ್ಲ ಸಾರ್.
“ಕೊಡಗಿನಲ್ಲೇ ಹುಟ್ಟಿದವರಲ್ಲವೇನಮ್ಮಾ,
ಇಂಬಳ ಕಚ್ಚಿದ್ದು ಯಾರಿಗೆ ತಾನೇ ಗೊತ್ತಾಗುತ್ತದೆ?”
ನಿಜವೇ. ತಪ್ಪು ಸಾಕ್ಷಿಯನ್ನು ಕರೆದುಕೊಂಡು ಹೋಗಿದ್ದೆ.
ಹಂಡೆಯ ನೀರು ಹೊಯ್ದುಕೊಂಡು
ಬೊಬ್ಬೆ ಎದ್ದ ಮೇಲೆ ಬಿಸಿಯೆಂದು ತಿಳಿದದ್ದು
ಹೇಳಬೇಕಿತ್ತು. ಅಷ್ಟರಲ್ಲಿ
ಮುಂದಿನ ಟೋಕನ್ ಕೂಗಿದರು.

ಮೂರನೆಯವರು ಮೈಸೂರಿನಲ್ಲಿ. ಐದೂಕಾಲರ ಬಸ್ಸು,
ಪಿರಿಯಾಪಟ್ಟಣದಲ್ಲಿ ಬೆಳಕು, ಹುಣಸೂರಿನಲ್ಲಿ ಇಡ್ಲಿ.
ರಕ್ತ ನಾರ್ಮಲ್. ಸಕ್ಕರೆ ನಾರ್ಮಲ್. ತಲೆಯ ಸ್ಕ್ಯಾನು ನಾರ್ಮಲ್.
ಒಂದೊಂದು ನಾರ್ಮಲ್ಲಿಗೂ ರಸೀದಿ ಇದೆ.
“ಮನೆಯಲ್ಲಿ ಏನಾದರೂ ತೊಂದರೆ?”
ಕೇಳಿದ್ದು ಇವರ ಮುಖ ನೋಡಿ, ನನ್ನದಲ್ಲ.
ಪಾಪ, ಇವರು ಬೆವರಿಬಿಟ್ಟರು,
ತಾವೇ ನನ್ನ ರೋಗ ಎಂಬಂತೆ.

ರಾತ್ರಿ ನನ್ನನ್ನು ನಾನೇ ಕೇಳಿಕೊಂಡದ್ದುಂಟು:
ನಟಿಸುತ್ತಿದ್ದೇನೆಯೇ? ಯಾರಿಗಾಗಿ?
ಎದ್ದು ಕೂತು, ಕತ್ತಲೆಯಲ್ಲಿ
ಕತ್ತು ಬಗ್ಗಿಸಿ ನೋಡಿದೆ.
ಕರೆಂಟು ಬಂತು.
ಅಷ್ಟು ಸಮಾಧಾನ
ಯಾವ ಮಾತ್ರೆಯೂ ಕೊಟ್ಟಿರಲಿಲ್ಲ.

ಮೊನ್ನೆ ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ
ಹಿರಿಯರು ರಜೆ. ಇದ್ದದ್ದು
ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಒಬ್ಬ ಹುಡುಗಿ,
ಎರಡು ರಾತ್ರಿ ನಿದ್ದೆಗೆಟ್ಟಂತಿದ್ದಳು.
ಮಲಗಿ ಎಂದಳು. ಸೀರೆಯಂಚು ತಾನೇ ಸರಿಸಿದಳು.
ಸ್ಕೂಟರಿನ ಕೀಲಿ ತೆಗೆದು
ಅಂಗಾಲಿನ ಹೊರ ಅಂಚಿಗೆ ಒಂದು ಗೆರೆ.
ಬಲಗಾಲಿನ ಹೆಬ್ಬೆರಳು ಕೆಳಗೆ ಮಡಿಯಿತು,
ಹೇಳಿದ ಮಾತು ಕೇಳುವ ಮಗು.
ಎಡಗಾಲಿನದು
ಮೆಲ್ಲಗೆ, ತನ್ನಷ್ಟಕ್ಕೆ, ಮೇಲೆದ್ದಿತು.
ಮತ್ತೊಮ್ಮೆ ಎಳೆದಳು. ಮತ್ತೆ ಎದ್ದಿತು.
ನಾನು ಹೇಳಿಕೊಟ್ಟದ್ದಲ್ಲ, ಆಣೆಗೂ.

“ಏನಮ್ಮಾ ಅದು?”
“ಗೊತ್ತಿಲ್ಲ. ಇನ್ನೂ ಗೊತ್ತಿಲ್ಲ.
ಆದರೆ ಮನಸ್ಸು ಇದನ್ನು ಮಾಡಲಾರದು.
ಕತ್ತಿನ ಸ್ಕ್ಯಾನು ಯಾರೂ ಬರೆದಿಲ್ಲವಾ?”
ಕಿಟಕಿಯಾಚೆ ಮಂಜು ಬಿದ್ದು
ಎದುರಿನ ಔಷಧಿ ಅಂಗಡಿಯ ಹಸಿರು ದೀಪವಷ್ಟೇ ಕಾಣುತ್ತಿತ್ತು.
ಗೊತ್ತಿಲ್ಲ ಎಂದವರು
ಎಂಟು ತಿಂಗಳಲ್ಲಿ ಇವಳೊಬ್ಬಳೇ.

ಹದಿನೇಳಕ್ಕೆ ತಾರೀಖು ಸಿಕ್ಕಿತು.
ಅಳು ಬಂತು. ಬಸ್ಸಿಗೆ ಚಿಲ್ಲರೆ ಇದೆಯಾ
ಎಂದು ಇವರನ್ನು ಕೇಳಿದೆ.
ಮೆಟ್ಟಿಲಿಳಿದು ಗೇಟಿನವರೆಗೆ ಬಂದ ಮೇಲೆ
ಇವರು ನಿಂತರು, ತಿರುಗಿ ಹೋದರು,
ಏನೂ ಹೇಳದೆ
ಒಂದು ಚಪ್ಪಲಿ ಹಿಡಿದುಕೊಂಡು ಬಂದರು.